ಹುರುಪು ಬರಲಿ ಅಂತ ಕಾಯಬೇಡಿ: ವಿಶ್ವಾಸಿಯ ದಿನನಿತ್ಯದ ಬದುಕಿಗೂ ಕೆಲಸಕ್ಕೂ ಒಂದು ಮಾರ್ಗದರ್ಶಿ

ಭಾನುವಾರ ಆರಾಧನೆಯಲ್ಲಿ ಮನಸ್ಸು ತುಂಬಿ ಬಂದಿರುತ್ತದೆ. ಸೋಮವಾರ ಬೆಳಿಗ್ಗೆ ಅಲಾರಂ ಹೊಡೆದಾಗ ಅದೇ ಮನಸ್ಸು ಸಪ್ಪೆ. ಕೆಲಸಕ್ಕೆ ಹೋಗಬೇಕಲ್ಲಾ ಅನ್ನುವ ಬೇಸರ. ಪ್ರಾರ್ಥನೆಗೆ ಕುಳಿತರೆ ಆಕಳಿಕೆ. ಬೈಬಲ್ ತೆರೆದರೆ ಒಂದೇ ಸಾಲಿನ ಮೇಲೆ ಕಣ್ಣು ಸುಮ್ನೆ ಓಡಾಡುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಬಹಳ ವಿಶ್ವಾಸಿಗಳಿಗೆ ಇದು ಗೊತ್ತು, ಆದರೆ ಬಾಯಿಬಿಟ್ಟು ಹೇಳುವವರು ಕಮ್ಮಿ. ಹೇಳಿದರೆ "ನಿಮ್ಮ ಆತ್ಮಿಕ ಜೀವನ ಸರಿಯಿಲ್ಲ" ಅಂದುಬಿಡುತ್ತಾರೇನೋ ಎಂಬ ಅಂಜಿಕೆ.

ಆಗ ನಾವು ಏನು ಮಾಡುತ್ತೇವೆ? ಆ ಭಾವನೆ ಮತ್ತೆ ಬರಲಿ ಅಂತ ಕಾಯುತ್ತೇವೆ. ಇನ್ನೊಂದು ಉಜ್ಜೀವನ ಕೂಟ, ಇನ್ನೊಬ್ಬ ಪ್ರಸಂಗಿ, ಇನ್ನೊಂದು ಹಾಡು ಹುಡುಕುತ್ತೇವೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 2ನೇ ಅಧ್ಯಾಯದಲ್ಲಿ ಎಫೆಸ ಪಟ್ಟಣದ ಸಭೆಗೆ ಕರ್ತನಾದ ಯೇಸು ಹೇಳಿದ ಮಾತನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಆ ಸಭೆ ಸೋಮಾರಿಯಲ್ಲ. ದುಡಿಮೆ ಇತ್ತು, ತಾಳ್ಮೆ ಇತ್ತು, ಸುಳ್ಳು ಬೋಧಕರನ್ನು ಗುರುತು ಹಿಡಿಯುವ ಜಾಣತನವೂ ಇತ್ತು. ಮೊದಲಿದ್ದ ಪ್ರೀತಿ ಮಾತ್ರ ಕೈತಪ್ಪಿತ್ತು. ಅದಕ್ಕೆ ಕರ್ತನು ಕೊಟ್ಟ ಮದ್ದು ಮೂರು ಮಾತು: ಎಲ್ಲಿಂದ ಬಿದ್ದೆ ಎಂದು ನೆನಪು ಮಾಡಿಕೋ, ಮನಸ್ಸು ತಿರುಗಿಸಿಕೋ, ಮೊದಲು ಮಾಡುತ್ತಿದ್ದ ಕೆಲಸಗಳನ್ನು ಮಾಡು. ಮೊದಲು ಅನಿಸುತ್ತಿದ್ದ ಹಾಗೆ ಅನಿಸಿಕೋ ಎಂದು ಎಲ್ಲೂ ಹೇಳಿಲ್ಲ. ಹಾಗೆ ಅಪ್ಪಣೆ ಕೊಟ್ಟರೂ ನಮ್ಮಿಂದ ಆಗುವುದಿಲ್ಲ, ಅಲ್ವಾ? ಮಾಡು ಅಂದರೆ ಮಾಡಬಹುದು. ಮುಂದೆ ಬರುವ ಹೆಜ್ಜೆಗಳೆಲ್ಲ ಈ ಮೂರನೆಯ ಮಾತನ್ನೇ ಹಿಡಿದುಕೊಂಡು ಹೋಗುತ್ತವೆ.

ಮೊದಲ ಹೆಜ್ಜೆ: ಇದು ದಣಿವೋ ಬೇರೆ ಏನೋ ನೋಡಿಕೊಳ್ಳಿ

ಉತ್ಸಾಹ ಕಮ್ಮಿಯಾದ ಕೂಡಲೇ ಅದಕ್ಕೆ ಆತ್ಮಿಕ ಕಾರಣ ಹುಡುಕುವುದು ನಮ್ಮ ಅಭ್ಯಾಸ. ಬೈಬಲ್ ಹಾಗೆ ಅವಸರ ಮಾಡುವುದಿಲ್ಲ. 1 ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಪ್ರವಾದಿ ಎಲೀಯನು ಆಗತಾನೇ ಕಣ್ಣಾರೆ ಕಂಡಿದ್ದ. ರಾಣಿ ಈಜೆಬೆಲಳ ಒಂದು ಬೆದರಿಕೆ ಬಂತು, ಓಡಿದ. ಬೇರ್ಷೆಬದಲ್ಲಿ ತನ್ನ ಸೇವಕನನ್ನೂ ಬಿಟ್ಟು ಒಬ್ಬನೇ ಅಡವಿಗೆ ಹೋಗಿ, ಗಿಡವೊಂದರ ಕೆಳಗೆ ಕುಳಿತು, ಸಾಕು ಸ್ವಾಮಿ, ಪ್ರಾಣ ತೆಗೆದುಕೋ ಎಂದು ಬೇಡಿದ.

ದೇವದೂತ ಬಂದ. ಗದರಲಿಲ್ಲ, ಬೋಧಿಸಲಿಲ್ಲ, ಎದ್ದು ಉಪವಾಸ ಮಾಡು ಅನ್ನಲಿಲ್ಲ. ತಟ್ಟಿ ಎಬ್ಬಿಸಿ ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಪಕ್ಕದಲ್ಲಿ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೆ ಬಂದು ಮತ್ತೆ ಉಣಿಸಿದ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದ. ದೇವರು ಮಾತಿಗೆ ಶುರು ಮಾಡಿದ್ದು ಇದೆಲ್ಲ ಆದಮೇಲೆ, ಹೋರೇಬ್ ಬೆಟ್ಟದಲ್ಲಿ. ಅಲ್ಲಿಯೂ ಮೊದಲು ಒಂದು ಪ್ರಶ್ನೆ: ಎಲೀಯನೇ, ಇಲ್ಲೇನು ಮಾಡುತ್ತಿದ್ದೀ? ಎಲೀಯ ತನ್ನ ದೂರನ್ನೆಲ್ಲ ಹೇಳಿಕೊಂಡ, ಎರಡು ಸಲ, ಅದೇ ಮಾತುಗಳಲ್ಲಿ. ದೇವರು ಎರಡು ಸಲವೂ ಕೇಳಿಸಿಕೊಂಡ. ಆಮೇಲೆ ಮುಂದಿನ ಕೆಲಸ ಕೊಟ್ಟ, ಜೊತೆಗೆ ಎಲೀಷನನ್ನು ಕೊಟ್ಟ, ನೀನೊಬ್ಬನೇ ಉಳಿದಿಲ್ಲ, ಇನ್ನೂ 7,000 ಜನ ಇದ್ದಾರೆ ಎಂದು ತಿಳಿಸಿದ.

ಆ ಕ್ರಮವನ್ನೇ ನಾವೂ ಹಿಡಿಯಬಹುದು. ಮೊದಲು ನಿದ್ದೆ ಮತ್ತು ಊಟ. ಒಂದು ವಾರ ರಾತ್ರಿ ಬೇಗ ಮಲಗಿ, ಫೋನನ್ನು ಬೇರೆ ಕೋಣೆಯಲ್ಲಿ ಇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ದಿನಾ ಸ್ವಲ್ಪ ನಡೆಯಿರಿ. ಇಷ್ಟಕ್ಕೇ ಎಷ್ಟೋ ಜನರ "ಆತ್ಮಿಕ ಒಣಗಾಲ" ಕಳೆಯುತ್ತದೆ. ಕೇಳಲು ಸಪ್ಪೆ ಅನಿಸಬಹುದು, ಆದರೆ ಪ್ರವಾದಿಗೇ ಇದು ಬೇಕಾಯಿತು.

ವಾರ ಕಳೆದರೂ ಬದಲಾಗದಿದ್ದರೆ ಇನ್ನೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಯಾರ ಮೇಲಾದರೂ ಕಹಿ ಇಟ್ಟುಕೊಂಡಿದ್ದೀನಾ? ಮುಚ್ಚಿಟ್ಟ ಪಾಪ ಏನಾದರೂ ಉಂಟಾ? ದಾವೀದನು 32ನೇ ಕೀರ್ತನೆಯಲ್ಲಿ ಹೇಳುವುದು ಇದನ್ನೇ: ಪಾಪವನ್ನು ಅರಿಕೆ ಮಾಡದೆ ಸುಮ್ಮನಿದ್ದಾಗ ಎಲುಬುಗಳೇ ಸವೆದುಹೋದವು. ಹಾಗೇನಾದರೂ ಇದ್ದರೆ ಮುಂದಿನ ಹೆಜ್ಜೆಗಳಿಗಿಂತ ಮೊದಲು ಅದನ್ನು ದೇವರ ಮುಂದೆ ಇಡಿ. ಮನುಷ್ಯರ ಹತ್ತಿರ ಸರಿಮಾಡಿಕೊಳ್ಳಬೇಕಾದದ್ದಿದ್ದರೆ ಅಲ್ಲಿಗೂ ಹೋಗಿ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಹಸಿವು ಕೆಟ್ಟಿದೆ, ಬದುಕು ಬೇಡ ಅನಿಸುತ್ತಿದೆ ಅಂದರೆ ವೈದ್ಯರನ್ನು ಕಾಣಿ. ಸಾಯಬೇಕು ಎಂಬ ಯೋಚನೆ ಬಂದರೆ ಎರಡು ವಾರವೂ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ. ಸುವಾರ್ತೆ ಬರೆದ ಲೂಕನೇ ವೈದ್ಯ. ಔಷಧಿ ತೆಗೆದುಕೊಳ್ಳುವುದು ವಿಶ್ವಾಸ ಕಮ್ಮಿ ಎಂಬುದರ ಗುರುತು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಎರಡನೆಯದು: ಬಿಟ್ಟುಹೋದ ಕೆಲಸಗಳ ಪಟ್ಟಿ

ಒಂದು ಕಾಗದ ತೆಗೆದುಕೊಳ್ಳಿ. ಕ್ರಿಸ್ತನನ್ನು ನಂಬಿದ ಹೊಸದರಲ್ಲಿ ನೀವು ಏನೇನು ಮಾಡುತ್ತಿದ್ದಿರಿ? ಹುಟ್ಟಿನಿಂದಲೇ ಕ್ರೈಸ್ತ ಮನೆತನದವರಾದರೆ, ನಿಮ್ಮ ವಿಶ್ವಾಸ ಜೀವಂತವಾಗಿದ್ದ ಒಂದು ಕಾಲವನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಮಂಡಿಯೂರುತ್ತಿದ್ದಿರಾ? ಕಾಯಿಲೆಯವರನ್ನು ನೋಡಿಬರುತ್ತಿದ್ದಿರಾ? ಅಡುಗೆ ಮಾಡುತ್ತಾ ಹಾಡುತ್ತಿದ್ದಿರಾ? ಸಂಬಳ ಬಂದ ಕೂಡಲೇ ಒಂದು ಪಾಲು ಎತ್ತಿಡುತ್ತಿದ್ದಿರಾ? ಭಾವನೆಗಳನ್ನು ಬರೆಯಬೇಡಿ. ಕೈಯಿಂದ, ಕಾಲಿನಿಂದ, ಬಾಯಿಂದ ಮಾಡಿದ್ದನ್ನು ಮಾತ್ರ ಬರೆಯಿರಿ.

ಪಟ್ಟಿಯಿಂದ ಒಂದೇ ಒಂದನ್ನು ಆರಿಸಿ. ಎಲ್ಲವನ್ನೂ ಸೋಮವಾರದಿಂದಲೇ ಶುರು ಮಾಡಲು ಹೋದರೆ ಗುರುವಾರದ ಹೊತ್ತಿಗೆ ಎಲ್ಲವೂ ನಿಂತಿರುತ್ತದೆ. ಆರಿಸಿದ್ದನ್ನು ನಗು ಬರುವಷ್ಟು ಚಿಕ್ಕದಾಗಿ ಮಾಡಿ. "ಇನ್ನು ಮೇಲೆ ಚೆನ್ನಾಗಿ ಪ್ರಾರ್ಥಿಸುತ್ತೇನೆ" ಎಂಬುದು ತೀರ್ಮಾನವೇ ಅಲ್ಲ. "ಹಲ್ಲುಜ್ಜಿದ ಮೇಲೆ, ಫೋನ್ ಮುಟ್ಟುವ ಮೊದಲು, ಕಿಟಕಿ ಹತ್ತಿರ ನಿಂತು ಐದು ನಿಮಿಷ" ಎಂದರೆ ತೀರ್ಮಾನ. ಮನಸ್ಸಿಲ್ಲದ ದಿನವೂ ಮಾಡಿ. ಮನಸ್ಸಿಲ್ಲ ಎಂಬುದನ್ನೇ ದೇವರಿಗೆ ಹೇಳಿ, ಅದೂ ಪ್ರಾರ್ಥನೆಯೇ.

ಮನಸ್ಸಿಲ್ಲದೆ ಮಾಡುವುದು ಕಪಟ ಅಲ್ಲವಾ ಎಂದು ಕೆಲವರು ಕೇಳುತ್ತಾರೆ. ಜನ ನೋಡಲಿ ಅಂತ ಮಾಡಿದರೆ ಕಪಟ. ಕೊಟ್ಟ ಮಾತಿಗೆ ಮಾಡಿದರೆ ಅದು ನಿಷ್ಠೆ. ಮಗು ರಾತ್ರಿ ಎರಡು ಗಂಟೆಗೆ ಅತ್ತರೆ ತಾಯಿ ಏಳುವುದು ಉತ್ಸಾಹ ಉಕ್ಕಿ ಬಂದಿದ್ದರಿಂದ ಅಲ್ಲವಲ್ಲ.

ಭಾವನೆ ಏರಿಳಿಯುವುದು ದೊಡ್ಡವರಿಗೂ ತಪ್ಪಿದ್ದಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಎಂದು ಮೆಥೊಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡರು. ಆ ಸಾಲನ್ನು ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಎಂಟು ತಿಂಗಳು ಕೂಡ ಕಳೆದಿರಲಿಲ್ಲ, 1739ರ ಜನವರಿ 4ರಂದು ಅದೇ ದಿನಚರಿಯಲ್ಲಿ ತಾನು ಈಗ ಕ್ರೈಸ್ತನಲ್ಲ ಎಂದು ಬರೆದರು. ಈ ಸಾಲನ್ನು ಯಾರೂ ಎತ್ತುವುದಿಲ್ಲ! ಆ ಏಪ್ರಿಲ್‌ನಲ್ಲೇ ಅವರು ಬ್ರಿಸ್ಟಲ್ ಹತ್ತಿರ ಬಯಲಿನಲ್ಲಿ ನಿಂತು ಪ್ರಸಂಗ ಮಾಡಲು ಶುರು ಮಾಡಿದರು, ಮತ್ತೆ 1791ರಲ್ಲಿ ತೀರಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ಒಳಗೆ ಅನುಮಾನ ಇದ್ದಾಗಲೂ ಕೆಲಸ ನಡೆಯಿತು.

ಮೂರನೆಯದು: ವಾಕ್ಯ ಮತ್ತು ಪ್ರಾರ್ಥನೆಗೆ ಒಂದು ಜಾಗ

ಇಲ್ಲಿ ಉದ್ದ ಹೇಳುವುದು ಬೇಕಿಲ್ಲ. ಯೇಸು ಹೊತ್ತು ಮೂಡುವ ಮೊದಲೇ ಎದ್ದು ಅಡವಿಗೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕ 1:35 ಹೇಳುತ್ತದೆ. ಅದರಿಂದ ಬೆಳಗಿನ ನಾಲ್ಕು ಗಂಟೆಯನ್ನೇ ಕಾನೂನು ಮಾಡಬೇಡಿ. ರಾತ್ರಿ ಪಾಳಿಯವರಿಗೆ, ಹಸುಗೂಸಿನ ತಾಯಿಗೆ ಬೇರೆ ಹೊತ್ತು ಸರಿಹೋಗಬಹುದು. ಹೊತ್ತೂ ಜಾಗವೂ ಗೊತ್ತಿರಲಿ, ಅಷ್ಟೇ.

ಎಲ್ಲಿಂದ ಓದಬೇಕೆಂದು ತಿಳಿಯದಿದ್ದರೆ ಮಾರ್ಕನ ಸುವಾರ್ತೆ ಹಿಡಿಯಿರಿ. 16 ಅಧ್ಯಾಯ, ದಿನಕ್ಕೊಂದರಂತೆ 16 ದಿನ. ಕೀರ್ತನೆಗಳು 150, ದಿನಕ್ಕೆ ಐದು ಓದಿದರೆ ತಿಂಗಳಿಗೆ ಮುಗಿಯುತ್ತದೆ. 119ನೆಯದು ಬಂದ ದಿನ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಇಟ್ಟುಕೊಳ್ಳಿ, ಅದರಲ್ಲಿ 176 ವಚನಗಳಿವೆ. ಗಟ್ಟಿಯಾಗಿ ಓದಿ, ಮನಸ್ಸು ಅಲೆದಾಡುವುದು ಕಮ್ಮಿಯಾಗುತ್ತದೆ. 88ನೇ ಕೀರ್ತನೆಯಂಥದ್ದನ್ನು ಬಿಟ್ಟು ಮುಂದೆ ಹೋಗಬೇಡಿ. ಅದು ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ. ಮನಸ್ಸು ಕುಗ್ಗಿದವರ ಬಾಯಿಗೆಂದೇ ದೇವರು ಅಂಥ ಪ್ರಾರ್ಥನೆಯನ್ನು ತನ್ನ ವಾಕ್ಯದಲ್ಲಿ ಇಡಿಸಿದ್ದಾನೆ.

ನಾಲ್ಕನೆಯದು: ನಿಮ್ಮ ಯಜಮಾನ ಯಾರು?

ಮಾಡುವ ಕೆಲಸವನ್ನೆಲ್ಲ ಮನುಷ್ಯರಿಗಾಗಿ ಎಂದು ಮಾಡದೆ ಕರ್ತನಿಗಾಗಿ ಎಂದು ಮನಸಾರೆ ಮಾಡಿರಿ. ಇದು ಕೊಲೊಸ್ಸೆಯವರಿಗೆ 3:23ರ ಮಾತು, ಎಷ್ಟೋ ಮನೆಗಳ ಗೋಡೆಯ ಮೇಲೂ ಇದೆ. ಆದರೆ ಅಪೊಸ್ತಲನಾದ ಪೌಲ ಈ ಪತ್ರದಲ್ಲಿ ಇದನ್ನು ಯಾರಿಗೆ ಬರೆದ? ಹಿಂದಿನ ವಚನ ನೋಡಿ, ದಾಸರಿಗೆ. ಬಡ್ತಿ ಇಲ್ಲ, ಸಂಬಳ ಇಲ್ಲ, ಕೆಲಸ ಬಿಡುವ ಸ್ವಾತಂತ್ರ್ಯವೂ ಇಲ್ಲದವರು. ಅವರಿಗೆ ಪೌಲ ಹೇಳಿದ್ದು, ನಿಮಗೆ ಬಾಧ್ಯತೆ ಕೊಡುವವನು ಕರ್ತನು ಎಂದು. ಬಾಧ್ಯತೆ ಎಂದರೆ ಮಕ್ಕಳಿಗೆ ಬರುವ ಆಸ್ತಿ. ದಾಸನಿಗೆ ಯಾವ ಯಜಮಾನನೂ ಅದನ್ನು ಬರೆದುಕೊಡುವುದಿಲ್ಲ. ಕೆಲಸ ಇಷ್ಟವಾದರೆ ಹುರುಪು, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ದಿನದಲ್ಲಿ ಇದನ್ನು ಹೇಗೆ ಮಾಡುವುದು? ಕೆಲಸ ಶುರು ಮಾಡುವ ಮುಂಚೆ ಅರ್ಧ ನಿಮಿಷ ನಿಂತು, "ಕರ್ತನೇ, ಇವತ್ತಿನ ಈ ಕೆಲಸ ನಿನ್ನದು" ಎಂದು ಹೇಳಿ. ಆಮೇಲೆ ಇವತ್ತಿನ ಕೆಲಸದಿಂದ ಯಾರಿಗೆ ಉಪಯೋಗ ಎಂದು ಒಬ್ಬರನ್ನಾದರೂ ನೆನೆಸಿಕೊಳ್ಳಿ. ಲೆಕ್ಕ ಬರೆಯುವವರಿಗೆ ಸಂಬಳ ಕಾಯುತ್ತಿರುವ ಒಬ್ಬ ನೌಕರ, ಪಾತ್ರೆ ತೊಳೆಯುವವರಿಗೆ ಅದರಲ್ಲಿ ಉಣ್ಣುವ ಮಗು. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಲಾರೆನ್ಸ್ ಎಂಬ ಸಹೋದರ ಬಹಳ ವರ್ಷ ಅಡುಗೆಮನೆಯಲ್ಲೇ ದುಡಿದರು, ಆಮೇಲೆ ಚಪ್ಪಲಿ ರಿಪೇರಿ. ಅಡುಗೆ ಕೆಲಸ ಅವರಿಗೆ ಸ್ವಭಾವಕ್ಕೆ ಹಿಡಿಸುತ್ತಿರಲಿಲ್ಲವಂತೆ. ಆದರೂ ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆ ಮಾತಾಡಿಕೊಂಡಿರುವುದನ್ನು ರೂಢಿ ಮಾಡಿಕೊಂಡರು.

ಅರ್ಧಕ್ಕೆ ನಿಂತ, ಯಾರೂ ಗಮನಿಸದ ಒಂದು ಕೆಲಸವನ್ನು ಈ ವಾರ ಚೊಕ್ಕವಾಗಿ ಮುಗಿಸಿ. ಯಾರಿಗೂ ಹೇಳಬೇಡಿ. ಅದರ ಖುಷಿಯೇ ಬೇರೆ.

ಒಂದು ಎಚ್ಚರ. ಈ ವಚನವನ್ನು ಇನ್ನೊಬ್ಬರನ್ನು ದುಡಿಸಿಕೊಳ್ಳಲು ಬಳಸುವವರಿದ್ದಾರೆ. "ಕರ್ತನಿಗಾಗಿ ಮಾಡ್ತಿದ್ದೀರಲ್ಲ, ಸಂಬಳ ಯಾಕೆ ಕೇಳ್ತೀರಿ?" ಎಂಬ ಮಾತು ಸೇವೆಯ ಜಾಗಗಳಲ್ಲೂ ಕೇಳಿಬರುತ್ತದೆ. ಪೌಲ ಅಲ್ಲಿಗೇ ನಿಲ್ಲಿಸಿಲ್ಲ. 4:1ರಲ್ಲಿ ಯಜಮಾನರಿಗೆ, ನ್ಯಾಯವಾದದ್ದನ್ನೂ ಸಮವಾದದ್ದನ್ನೂ ಕೊಡಿ, ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನ ಇದ್ದಾನೆ ಎನ್ನುತ್ತಾನೆ. ನ್ಯಾಯವಾದ ಕೂಲಿ ಕೇಳುವುದು, ಹೊತ್ತಿಗೆ ಮನೆಗೆ ಹೋಗುವುದು, ಕಿರುಕುಳ ಆದರೆ ದೂರು ಕೊಡುವುದು, ಇದ್ಯಾವುದೂ ಭಕ್ತಿಗೆ ವಿರುದ್ಧವಲ್ಲ.

ಐದನೆಯದು: ಹುರುಪಿಗೆ ತಿಳಿವಳಿಕೆ ಸೇರಿಸಿ

ಹುರುಪೊಂದೇ ಇದ್ದರೆ ಸಾಲದು. ಪೌಲನಿಗೆ ಇದು ಯಾರೂ ಹೇಳಿಕೊಡಬೇಕಿರಲಿಲ್ಲ. ಸಭೆಯನ್ನು ಹಿಂಸಿಸುತ್ತಿದ್ದಾಗಲೂ ಅವನ ಆಸಕ್ತಿ ಏನೂ ಕಮ್ಮಿ ಇರಲಿಲ್ಲ. ಫಿಲಿಪ್ಪಿಯವರಿಗೆ 3:6ರಲ್ಲಿ ಅದನ್ನು ತಾನೇ ಒಪ್ಪಿಕೊಳ್ಳುತ್ತಾನೆ. ಇಸ್ರಾಯೇಲ್ಯರಿಗೆ ದೇವರ ಮೇಲೆ ಆಸಕ್ತಿ ಇದೆ, ಆದರೆ ಜ್ಞಾನಕ್ಕೆ ತಕ್ಕದ್ದಲ್ಲ ಎಂದು ರೋಮಾಪುರದವರಿಗೆ ಬರೆದಾಗ ಅವನಿಗೆ ತನ್ನ ಹಳೆಯ ದಿನಗಳೂ ನೆನಪಿಗೆ ಬಂದಿರಬೇಕು.

ಇದಕ್ಕೆ ಅಪೊಲ್ಲೋಸನ ದಾರಿ ಒಳ್ಳೆಯದು. ಅಪೊಸ್ತಲರ ಕೃತ್ಯಗಳು 18ರಲ್ಲಿ ಬರುವ ಈತ ಮಾತುಗಾರ, ಶಾಸ್ತ್ರ ಬಲ್ಲವನು, ಆತ್ಮದಲ್ಲಿ ಕುದಿಯುವವನು. ಆದರೆ ಯೇಸುವಿಗಿಂತ ಮುಂಚೆ ಬಂದ ಯೋಹಾನನು ಕೊಡುತ್ತಿದ್ದ ದೀಕ್ಷಾಸ್ನಾನದ ತನಕ ಮಾತ್ರ ಗೊತ್ತಿತ್ತು. ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನ ಮಾತು ಕೇಳಿ, ಜನರ ಮುಂದೆ ತಪ್ಪು ಎತ್ತಿ ಆಡದೆ, ತಮ್ಮ ಹತ್ತಿರ ಕರೆದುಕೊಂಡು ಹೋಗಿ ಸರಿಯಾಗಿ ವಿವರಿಸಿದರು. ಅವರು ಡೇರೆ ಹೊಲಿಯುವವರು, ಪೌಲನದೂ ಅದೇ ಕಸುಬು. ಅಂಥ ಇಬ್ಬರು ನಿಮಗಿದ್ದಾರಾ? ನಿಮ್ಮ ಹುರುಪನ್ನು ಕುಗ್ಗಿಸದೆ ತಪ್ಪು ಹೇಳುವವರು? ಇಲ್ಲದಿದ್ದರೆ ಸಭೆಯಲ್ಲಿ ವಯಸ್ಸಾದ, ಜಾಸ್ತಿ ಮಾತಾಡದ ಯಾರನ್ನಾದರೂ ಕೇಳಿಕೊಳ್ಳಿ. ಸಾಮಾನ್ಯವಾಗಿ ಅವರು ಬೇಡ ಅನ್ನುವುದಿಲ್ಲ.

ಕೆಲಸದ ಜಾಗದಲ್ಲಿ ಈ ತಿಳಿವಳಿಕೆ ಇನ್ನೂ ಜಾಸ್ತಿ ಬೇಕು. ಕಚೇರಿಯ ಹೊತ್ತಿನಲ್ಲಿ ಕೆಲಸ ಬದಿಗಿಟ್ಟು ಪಕ್ಕದವರಿಗೆ ಸುವಾರ್ತೆ ಹೇಳುವುದು ಸಾಕ್ಷಿ ಅಲ್ಲ, ಸಂಬಳ ಕೊಡುವವರ ಹೊತ್ತನ್ನು ಕದ್ದ ಹಾಗೆ. ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸಾತ್ವಿಕತ್ವದಿಂದ ಎಂದು ಪೇತ್ರ ಹೇಳುತ್ತಾನೆ. ಮೊದಲು ಅವರು ಕೇಳುವ ಹಾಗಿರಬೇಕಲ್ಲ! ಹೊತ್ತಿಗೆ ಬರುವುದು, ಸುಳ್ಳು ಬಿಲ್ ಮಾಡದಿರುವುದು, ಎದುರಿಗಿಲ್ಲದವರ ಬಗ್ಗೆ ಹರಟದಿರುವುದು, ತಪ್ಪಾದರೆ "ನನ್ನಿಂದ ಆಯಿತು" ಎನ್ನುವುದು. ಕೇಳಿಸುವಷ್ಟು ಸಾಕ್ಷಿ ಇದರಲ್ಲೇ ಇದೆ. ಬೇರೆ ಧರ್ಮದ ಸಹೋದ್ಯೋಗಿಯ ನಂಬಿಕೆಯನ್ನು ಹಗುರವಾಗಿ ಆಡುವುದಂತೂ ಹುರುಪಿನ ಲೆಕ್ಕಕ್ಕೇ ಬರುವುದಿಲ್ಲ.

ಆರನೆಯದು: ಬೇಡ ಅನ್ನುವುದನ್ನು ಕಲಿಯಿರಿ

ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ಸಂಡೇ ಸ್ಕೂಲ್ ಅವರದೇ, ಗಾಯನ ತಂಡ ಅವರದೇ, ಲೆಕ್ಕ ಅವರದೇ, ಕೊನೆಗೆ ಕುರ್ಚಿ ಜೋಡಿಸುವುದೂ ಅವರೇ. ಎಲ್ಲರೂ ಹೊಗಳುತ್ತಾರೆ. ಒಂದು ದಿನ ಅವರು ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. ಆಗ "ಏನಾಯ್ತು ಅವರಿಗೆ, ಎಷ್ಟು ಉತ್ಸಾಹ ಇತ್ತು" ಎಂದು ಮಾತಾಡಿಕೊಳ್ಳುತ್ತೇವೆ.

ಮೋಶೆ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ಕೇಳುತ್ತಿದ್ದಾಗ ಅವನ ಮಾವ ಇತ್ರೋನ ನೇರವಾಗಿ ಹೇಳಿದ: ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ಈ ಜನವೂ ಬಳಲುತ್ತದೆ. ಬಳಲುವುದು ಇಬ್ಬರೂ, ಅದನ್ನು ಗಮನಿಸಿ. ಒಬ್ಬನೇ ಹೊತ್ತರೆ ಹೊರುವವನಿಗೂ ಕಷ್ಟ, ಕಾಯುವವರಿಗೂ ಕಷ್ಟ. ಇತ್ರೋನನ ಸಲಹೆ ಎಷ್ಟು ಲೆಕ್ಕಾಚಾರದ್ದು ನೋಡಿ: ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು, ದೊಡ್ಡ ವಿಷಯ ಮಾತ್ರ ನಿನ್ನ ಹತ್ತಿರ ಬರಲಿ. ಮೋಶೆ ಮಾವನ ಮಾತು ಕೇಳಿದ.

ನಿಮ್ಮ ಜವಾಬ್ದಾರಿಗಳನ್ನೆಲ್ಲ ಬರೆದು ಮೂರು ಗುರುತು ಹಾಕಿ. ನಾನೇ ಮಾಡಬೇಕಾದದ್ದು, ಇನ್ನೊಬ್ಬರಿಗೆ ಕಲಿಸಿ ಬಿಡಬಹುದಾದದ್ದು, ಬೇಡ ಅನ್ನಲು ಸಂಕೋಚವಾಗಿ ಹಿಡಿದುಕೊಂಡದ್ದು. ಮೂರನೆಯ ಗುರುತಿನದ್ದನ್ನು ಒಂದೊಂದಾಗಿ ಇಳಿಸಿ. ಹೇಳುವ ಮಾತು ಚಿಕ್ಕದಿರಲಿ: "ಪಾಸ್ಟರ್, ಈ ವರ್ಷ ನನಗೆ ಇದು ಆಗುವುದಿಲ್ಲ. ತಿಂಗಳ ಕೊನೆಯವರೆಗೆ ಮಾಡಿ, ಬೇರೆಯವರಿಗೆ ತೋರಿಸಿಕೊಡುತ್ತೇನೆ." ಉದ್ದ ಕಾರಣ ಕೊಡಲು ಹೋದರೆ ಪ್ರತಿ ಕಾರಣಕ್ಕೂ ಅವರ ಹತ್ತಿರ ಒಂದು ಉತ್ತರ ಇರುತ್ತದೆ.

ವಾರಕ್ಕೊಂದು ದಿನ ನಿಜವಾಗಿ ನಿಲ್ಲಿಸಿ. ಭಾನುವಾರ ಸಭೆಯ ಓಡಾಟದಲ್ಲೇ ಕಳೆಯುವವರಿಗೆ ಬೇರೆ ದಿನ ಬೇಕು. ಪಾಸ್ಟರುಗಳಿಗೂ ಇದೇ ಮಾತು. ಶಿಷ್ಯರು ಸೇವೆ ಮುಗಿಸಿ ಬಂದಾಗ ಊಟಕ್ಕೂ ಬಿಡುವಿರಲಿಲ್ಲ. ಯೇಸು ಅವರಿಗೆ ಹೇಳಿದ್ದು, ನೀವು ಮಾತ್ರ ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು. ಜನ ಅಲ್ಲಿಗೂ ಹಿಂದೆಯೇ ಬಂದರು, ಅದು ಬೇರೆ ಮಾತು.

ಏಳನೆಯದು: ಅರ್ಧ ದಾರಿಗೆ ತಯಾರಾಗಿರಿ

ಯಾವ ಕೆಲಸವೂ ಶುರುವಿನಲ್ಲಿ ಭಾರವಲ್ಲ. ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು 52 ದಿನದಲ್ಲಿ ಮುಗಿಸಿದ. ಓದಲು ಅದು ಗೆಲುವಿನ ಕಥೆ. ಆದರೆ ಅವನ ಹೆಸರಿನ ಪುಸ್ತಕದ 4ನೇ ಅಧ್ಯಾಯ ನೋಡಿ. ಜನ ಮನಸ್ಸಿಟ್ಟು ದುಡಿದು ಗೋಡೆ ಅರ್ಧ ಎತ್ತರಕ್ಕೆ ಬಂದಿದೆ. ಆಗಲೇ ದೂರು ಶುರು: ಹೊರುವವರ ಬಲ ಕುಂದಿದೆ, ಕಲ್ಲುಮಣ್ಣಿನ ರಾಶಿ ಬಹಳ, ನಮ್ಮಿಂದಾಗದು.

ನೆಹೆಮೀಯನು ಮಾಡಿದ ವ್ಯವಸ್ಥೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಬಹಳ ಜನರಿಗೆ ತಮ್ಮ ತಮ್ಮ ಮನೆಯ ಎದುರಿನ ಭಾಗವೇ ಪಾಲಿಗೆ ಬಂದಿತ್ತು. ಯಾವುದಕ್ಕಾಗಿ ದುಡಿಯುತ್ತಿದ್ದೇವೆ ಎಂಬುದು ಕಣ್ಣೆದುರಿಗೇ ಇತ್ತು. 5ನೇ ಅಧ್ಯಾಯದಲ್ಲಿ ಇನ್ನೂ ಮುಖ್ಯವಾದದ್ದು ಬರುತ್ತದೆ. ಬಡವರು ಸಾಲ, ಬಡ್ಡಿಯಿಂದ ಹೊಲ ಕಳೆದುಕೊಂಡು ಗೋಳಾಡಿದಾಗ ನೆಹೆಮೀಯನು ಶ್ರೀಮಂತರನ್ನು ಎದುರಿಗೆ ನಿಲ್ಲಿಸಿ, ತೆಗೆದುಕೊಂಡದ್ದನ್ನು ವಾಪಸ್ ಕೊಡಿಸಿದ. ತಂಡ ನಡೆಸುವವರು ಇದನ್ನು ಬರೆದಿಟ್ಟುಕೊಳ್ಳಬೇಕು. ಜನರಲ್ಲಿ ಉತ್ಸಾಹ ಇಲ್ಲ ಎಂದು ಗೊಣಗುವ ಮೊದಲು, ಅವರಿಗೆ ಅನ್ಯಾಯ ಆಗಿದೆಯೇ ಎಂದು ಕೇಳಬೇಕು. ಅನ್ಯಾಯ ಇರುವ ಕಡೆ ಪ್ರೋತ್ಸಾಹದ ಮಾತು ಯಾರ ಕಿವಿಗೂ ಹೋಗುವುದಿಲ್ಲ.

ಕನ್ನಡ ಓದುವವರಿಗೆ ಇನ್ನೊಂದು ಉದಾಹರಣೆ ಹತ್ತಿರದಲ್ಲೇ ಇದೆ. ಫರ್ಡಿನೆಂಡ್ ಕಿಟ್ಟೆಲ್ ಬಾಸೆಲ್ ಮಿಶನ್‌ನ ಕೆಲಸಕ್ಕೆಂದು ಇಲ್ಲಿಗೆ ಬಂದದ್ದು 1853ರಲ್ಲಿ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ! ಸುಮಾರು 70,000 ಪದಗಳನ್ನು ಬರೀ ಭಾವಾವೇಶದಿಂದ ಕೂಡಿಸಿಡಲು ಆಗುವುದಿಲ್ಲ. ಇವತ್ತಿನ ಪದ ಇವತ್ತು, ನಾಳೆಯದು ನಾಳೆ. ಇಂಥ ಹುರುಪು ಹೊರಗಿನಿಂದ ನೋಡುವವರಿಗೆ ಹುರುಪಿನ ಹಾಗೆ ಕಾಣುವುದೇ ಇಲ್ಲ.

ನೀವು ಒಂದು ಕೆಲಸ ಶುರು ಮಾಡುವಾಗಲೇ ಮೂರು ಸಾಲು ಬರೆದಿಡಿ: ಇದನ್ನು ಯಾಕೆ ಶುರು ಮಾಡಿದೆ, ಸುಸ್ತಾದಾಗ ಯಾರಿಗೆ ಫೋನ್ ಮಾಡುತ್ತೇನೆ, ಏನೂ ಆಗದ ದಿನ ಕನಿಷ್ಠ ಎಷ್ಟು ಮಾಡುತ್ತೇನೆ. ಅರ್ಧ ದಾರಿಯಲ್ಲಿ ಅದನ್ನು ತೆಗೆದು ಓದಿ. ಆಗ ಹೊಸದಾಗಿ ತೀರ್ಮಾನ ಮಾಡುವ ಶಕ್ತಿ ಇರುವುದಿಲ್ಲ. ಹಳೆಯ ತೀರ್ಮಾನವನ್ನು ಪಾಲಿಸುವಷ್ಟು ಇರುತ್ತದೆ.

ಪಕ್ಕದವರು ಸೋತಿದ್ದರೆ

ಒಬ್ಬರನ್ನೊಬ್ಬರು ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಹುರಿದುಂಬಿಸಬೇಕು, ಕೂಡಿಬರುವುದನ್ನು ಬಿಡಬಾರದು ಎಂದು ಇಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯ ಹೇಳುತ್ತದೆ. ಹುರಿದುಂಬಿಸುವುದು ಅಂದರೆ ಮೊಬೈಲಿಗೆ ದಿನಾ ವಚನದ ಚಿತ್ರ ಕಳಿಸುವುದಲ್ಲ. ಅದನ್ನು ನೋಡದೆಯೇ ಕೈ ಮುಗಿಯುವ ಗುರುತು ಒತ್ತುವವರೇ ಜಾಸ್ತಿ.

ಮನೆಯಲ್ಲಿ ಅಥವಾ ಸಭೆಯಲ್ಲಿ ಯಾರಾದರೂ ಕುಗ್ಗಿದ್ದರೆ ಎಲೀಯನ ದೂತನ ಕೆಲಸ ಮೊದಲು ಮಾಡಿ. ಊಟ ತೆಗೆದುಕೊಂಡು ಹೋಗಿ. ಮಕ್ಕಳನ್ನು ಒಂದು ಮಧ್ಯಾಹ್ನ ನೋಡಿಕೊಳ್ಳಿ, ಅವರು ನಿದ್ದೆ ಮಾಡಲಿ. ಹೇಳುವುದನ್ನು ಕೇಳಿಸಿಕೊಳ್ಳಿ, ಅದೇ ಮಾತನ್ನು ಎರಡನೆಯ ಸಲ ಹೇಳಿದರೂ ಕೇಳಿಸಿಕೊಳ್ಳಿ. ಅವರು ಬಿಟ್ಟಿರುವ ಜವಾಬ್ದಾರಿಯನ್ನು ಸ್ವಲ್ಪ ದಿನ ನೀವು ಹೊರುತ್ತೀರಿ ಎಂದು ಹೇಳಿ, ಯಾವ ದಿನದವರೆಗೆ ಎಂಬುದನ್ನೂ ಹೇಳಿ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಹೂಂ ಅಂದರೆ ಚಿಕ್ಕದಾಗಿ ಮಾಡಿ. ಬೇಡ ಅಂದರೆ ಮನೆಗೆ ಬಂದು ಮಾಡಿ. ಮುಂದಿನ ವಾರ ಮತ್ತೆ ಹೋಗಿ.